ಸ್ಟೋರಿನ ಅಕ್ಕ ಬರೆದ ಷರಾ

ಅಕ್ಕನನ್ನು ನಾನು ಮೊದಲು ನೋಡಿದ್ದು ಸ್ಟೋರಿನ ಕಿಟಕಿಯ ಜಾಲರಿಯಾಚೆಗೆ. ಒಳಗೆ ಗೋಡೆಯುದ್ದಕ್ಕೂ ಸಣ್ಣ ಡ್ರಾಯರುಗಳಿದ್ದವು. ಪ್ರತಿಯೊಂದರ ಹೊರಮೈಗೆ, ಒಳಗೇನಿದೆಯೆಂದು ತಿಳಿಯಲು ಒಂದು ಸ್ಕ್ರೂ ಅಥವಾ ಸ್ಪ್ರಿಂಗನ್ನು ಅಂಟಿಸಿದ್ದರು. ಅಂಗಡಿಗಳ ತೂಕದ ಯಂತ್ರ ರಿಪೇರಿ ಮಾಡುವ ಕಂಪನಿ ಅದು. ನನಗದು ಮೊದಲ ಕೆಲಸ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳೂ ನಾನೇ ಮೊದಲು. ಯಾರೋ ಅದನ್ನು ಆಗಲೇ ಅಕ್ಕನ ಕಿವಿಗೆ ಹಾಕಿದ್ದರು.

"ಏನಮ್ಮಾ ಡಿಗ್ರಿ, ಯಾವ ಪಾರ್ಟು ಬೇಕು?"

"ಪಾರ್ಟಲ್ಲ ಅಕ್ಕಾ, ನಿಮ್ಮ ಪುಸ್ತಕ. ಕಂಪ್ಯೂಟರಿಗೆ ಹಾಕ್ಬೇಕು."

"ಅದರ ಬದಲು ನನ್ನ ತಲೇನೇ ತಗೊಂಡು ಹೋಗು, ಹಗುರ ಇದೆ," ಎಂದು ನಕ್ಕು ಸ್ಟೂಲು ಎಳೆದು ಕೂರಿಸಿದರು. ಆಮೇಲೆ ನನ್ನನ್ನು ಡಿಗ್ರಿ ಎಂದೇ ಕರೆದರು.

ಪುಸ್ತಕದ ಎಡಕ್ಕೆ ಪಾರ್ಟು, ನಡುವೆ ತೆಗೆದುಕೊಂಡವರ ಹೆಸರು, ಬಲಕ್ಕೆ ಷರಾ. ಹತ್ತೊಂಬತ್ತು ವರ್ಷ ಸ್ಟೋರು ನೋಡಿಕೊಂಡ ಅಕ್ಕ ಪೂರ್ತಿಯಾಗಿ ಆ ಷರಾದಲ್ಲೇ ಇದ್ದರು. 'ಇವನಿಗೆ ಎರಡು ಕೊಡುವುದು, ಒಂದನ್ನು ಬೀಳಿಸಿಯೇ ಬೀಳಿಸುತ್ತಾನೆ.' 'ತಾತನಿಗೆ ಬಿಡಿ ಸ್ಕ್ರೂ ಬೇಡ, ಜೋಡಿಸಿ ಕೊಡುವುದು. ಕೈ ನಡುಗುತ್ತದೆ.' ತಾತ ಎಂದರೆ ನಮ್ಮ ಹಿರಿಯ ಮೆಕ್ಯಾನಿಕ್. ಐವತ್ತೆರಡಕ್ಕೇ ತಲೆ ಬೆಳ್ಳಗಾಗಿ ಆ ಹೆಸರು ಬಂದಿತ್ತು. ಅಕ್ಕ ದಿನಾ ಅರ್ಧ ಗಂಟೆ ಮುಂಚೆ ಬಂದು ಅವರ ಪಾಲಿನ ಸ್ಕ್ರೂಗಳನ್ನು ಪಾರ್ಟುಗಳಿಗೆ ಜೋಡಿಸಿಡುತ್ತಿದ್ದರು. ಅದು ಅವರಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಕಚೇರಿಯ ಒಳಬಳಕೆಗೆ ಬೇಕಾದ ಫಾರಂ, ಪಟ್ಟಿಗಳನ್ನು ನಾವೇ ಕಟ್ಟಿಕೊಳ್ಳಲು ಒಂದು ಓಪನ್ ಸೋರ್ಸ್ ಪ್ಲಾಟ್‌ಫಾರ್ಮ್ ಆರಿಸುವುದು ನನ್ನ ಕೆಲಸ. ಮೂರು ವಾರ ಕೂತು ನಾಲ್ಕನ್ನು ಪರೀಕ್ಷಿಸಿದೆ. ಅಕ್ಕನ ಪರೀಕ್ಷೆ ಒಂದೇ: "ನೆಟ್ ಕಿತ್ತು ಹಾಕು, ಆಮೇಲೆ ತೋರ್ಸು." ಎರಡು ಅಲ್ಲೇ ಮಲಗಿದವು. ಉಳಿದವುಗಳಲ್ಲಿ ಒಂದು ಅಕ್ಕನಿಗೆ ಒಂದೇ ದಿನದಲ್ಲಿ ಕೈಗೆ ಹತ್ತಿತು. ಆದರೆ ಯಾವ ಕಾಲಂ ಯಾರಿಗೆ ಕಾಣಬೇಕು ಎಂದು ಬೀಗ ಹಾಕುವ ಸೌಲಭ್ಯ ಅದರ ಉಚಿತ ಆವೃತ್ತಿಯಲ್ಲಿರಲಿಲ್ಲ. ಇನ್ನೊಂದರಲ್ಲಿ ಬೀಗವಿತ್ತು, ಕಟ್ಟಲು ಎರಡು ತಿಂಗಳು ಹೆಚ್ಚು ಬೇಕಿತ್ತು. ಇದನ್ನೆಲ್ಲ ಮ್ಯಾನೇಜರಿಗೆ ವಿವರಿಸಿದೆ.

"ಲಾಗಿನ್ ಇರೋದು ಮೂರು ಜನಕ್ಕೆ. ನಾನೇನು ಆಕೆಯ ಷರಾ ಓದ್ತಾ ಕೂರ್ತೀನಾ? ಮಾತು ಕೊಡ್ತೀನಿ, ಆ ಕಾಲಂ ಕಡೆ ತಲೆ ಹಾಕಲ್ಲ. ಮೊದಲನೇದೇ ಇರ್ಲಿ."

ನಂಬಿದೆ. ಹಿರಿಯರು ಬಾಯಿಬಿಟ್ಟು ಹೇಳಿದ ಮೇಲೆ ಮುಗಿಯಿತು ಎಂದುಕೊಂಡೇ ಬೆಳೆದವಳು ನಾನು.

ತಾತನ ಸಾಲಿಗೆ ಬಂದಾಗ ಅಕ್ಕ ಕೀಬೋರ್ಡಿನಿಂದ ಬೆರಳೆತ್ತಿದರು. "ಇದನ್ನ ಹಾಕ್ಲಾ ಡಿಗ್ರಿ? ನಾನು ರಜ ಹಾಕಿದ ದಿನ ನೀನೇ ಕೊಡ್ಬೇಕಲ್ಲ. ಮರೆತು ಬಿಡಿ ಸ್ಕ್ರೂ ಕೊಟ್ರೆ ನಾಲ್ಕು ಜನರ ಮುಂದೆ ಅವನ ಮರ್ಯಾದೆ ಹೋಗುತ್ತೆ."

"ಹಾಕಿ ಅಕ್ಕಾ. ನಮ್ಮಿಬ್ರನ್ನ ಬಿಟ್ಟು ಯಾರೂ ನೋಡಲ್ಲ."

ಬೀಗವಿಲ್ಲ ಎಂಬುದನ್ನು ಹೇಳಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಮೆಕ್ಯಾನಿಕ್‌ಗಳಲ್ಲಿ ಒಬ್ಬರನ್ನು ಕಡಿಮೆ ಮಾಡಿ ಎಂದು ಮೇಲಿನಿಂದ ಆದೇಶ ಬಂತು. ಮ್ಯಾನೇಜರ್ ಷರಾ ಸಮೇತ ಪಟ್ಟಿ ಮುದ್ರಿಸಿ ತಾತನ ಮುಂದಿಟ್ಟರಂತೆ. "ಕೈ ನಡುಗುತ್ತೆ ಅಂತ ನಾವು ಹೇಳ್ತಿಲ್ಲಪ್ಪಾ, ನಿಮ್ಮ ಸ್ಟೋರಿನವರೇ ಬರೆದಿದ್ದಾರೆ."

ತಾತ ನೇರ ಕಿಟಕಿಗೆ ಬಂದರು. ಟೂಲ್ ಬ್ಯಾಗನ್ನು ಹಲಗೆಯ ಮೇಲಿಟ್ಟರು. "ಇಷ್ಟು ವರ್ಷ ಜೋಡಿಸಿ ಕೊಟ್ಟಿದ್ದು ಹೀಗೆ ಬರೆದಿಡೋಕಾ ತಾಯಿ?" ಎಂದು ಕೇಳಿ, ಬ್ಯಾಗನ್ನು ಅಲ್ಲೇ ಬಿಟ್ಟು ಹೊರಟುಹೋದರು.

ನಾನು ಮ್ಯಾನೇಜರ ಕೋಣೆಗೆ ಹೋದೆ. "ಮಾತು ಕೊಟ್ಟಿದ್ರಿ ಸರ್."

"ನೋಡಬಾರದು ಅಂತಿದ್ರೆ ಬೀಗ ಇರೋದನ್ನೇ ಆರಿಸಬೇಕಿತ್ತಮ್ಮಾ," ಎಂದರು, ತಲೆಯೆತ್ತದೆ.

ವಾಪಸು ಬಂದಾಗ ಅಕ್ಕ ಅದೇ ಸ್ಟೂಲಿನ ಮೇಲೆ ಕೂತಿದ್ದರು. ತಾತನ ಬ್ಯಾಗು ಮಡಿಲಲ್ಲಿತ್ತು.

"ಬೀಗ ಇಲ್ಲ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕಾ. ಅವರು ಮಾತು ಕೊಟ್ಟಿದ್ರು..."

"ನಿನಗೆ ಕೊಟ್ಟಿದ್ರು. ನನಗೆ ಕೊಟ್ಟಿದ್ದು ನೀನು." ಬ್ಯಾಗಿನ ಬಾಯಿ ಮುಚ್ಚಿ, "ಆಯ್ತು, ಹೋಗಿ ಮೇಡಂ," ಎಂದರು.

ಡಿಗ್ರಿ ಎಂದು ಮತ್ತೆ ಕರೆಯಲಿಲ್ಲ. ಆ ಭಾನುವಾರ ಅವರು ಬ್ಯಾಗನ್ನು ತಾತನ ಮನೆಗೆ ತಲುಪಿಸಲು ಹೋದರಂತೆ. ತಾತನ ಹೆಂಡತಿ ಹೊಸ್ತಿಲಲ್ಲೇ ಇಸಿದುಕೊಂಡು ಬಾಗಿಲು ಹಾಕಿದರಂತೆ.

ಅಕ್ಕ ಈಗಲೂ ಅದೇ ಸ್ಟೋರಿನಲ್ಲಿದ್ದಾರೆ. ಸರಿಯಾಗಿ ಒಂಬತ್ತಕ್ಕೆ ಬರುತ್ತಾರೆ. ಎಲ್ಲರಿಗೂ ಬಿಡಿ ಸ್ಕ್ರೂಗಳನ್ನೇ ಕೊಡುತ್ತಾರೆ. ಷರಾ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ ಹಾಕುತ್ತಾರೆ.