ಮುಳುಗಿದ ರಸ್ತೆಯ ಮೇಲೆ ರಿವರ್ಸ್ ಗೇರ್

ಮೂರು ಮಳೆಗಾಲದ ಹಿಂದಿನ ಮಾತು. ಬೀಳಗಿ ತಾಲೂಕಿನ ಅನಗವಾಡಿಯಲ್ಲಿ ನಾನಿನ್ನೂ ಟ್ರ್ಯಾಕ್ಟರ್ ಓಡಿಸುತ್ತಿದ್ದೆ. ಕಬ್ಬು ಹೇರುವುದು ನನ್ನ ಕಸುಬು. ಜಮಖಂಡಿ, ಮುಧೋಳ ಕಡೆಯ ಕಾರ್ಖಾನೆಗಳ ಮುಂದೆ ಸರದಿಯಲ್ಲಿ ನಿಂತೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಹೆಂಗಸು ಹೇಗೆ ಡ್ರೈವರ್ ಆದಳು ಎಂದು ಕೇಳುವವರಿಗೆ ಉತ್ತರ ಸಣ್ಣದು. ಹಿಂದೆ ಟ್ರೇಲರ್ ಕಟ್ಟಿಕೊಂಡು ರಿವರ್ಸ್ ಹೋಗುವಾಗ ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೋಗುತ್ತದೆ. ಈ ಉಲ್ಟಾ ಲೆಕ್ಕ ನನ್ನ ಗಂಡನಿಗೆ ಹತ್ತಲಿಲ್ಲ, ನನಗೆ ಹತ್ತಿತು. ಸೀಟು ಬಿಟ್ಟುಕೊಟ್ಟ. ಸಂಸಾರದಲ್ಲಿ ಅವನು ಮಾಡಿದ ಶಾಣ್ಯಾ ಕೆಲಸ ಅದೊಂದೇ.

ಆ ವರ್ಷ ಕಬ್ಬು ಬಿಟ್ಟು ಬೇರೆ ಒಂದು ಭಾರ ನನ್ನ ಟ್ರ್ಯಾಕ್ಟರಿನ ಹಿಂದೆ ಬಂತು. ಅದು ಹಾಯಿ ಕಟ್ಟಿ ಗಾಳಿಯಲ್ಲಿ ಓಡಿಸುವ ಸಣ್ಣ ಬೋಟು. ತಂದವಳು ಬನಹಟ್ಟಿಯ ನೇಕಾರ ಮಹಾದೇವಪ್ಪನ ಮಗಳು ಸುಧಾ. ಕಾಲೇಜಿನಲ್ಲಿದ್ದಾಗ ಕರಾವಳಿಗೆ ಹೋಗಿ ಬೋಟು ನಡೆಸುವುದು ಕಲಿತಿದ್ದಳು. ಅಲ್ಲಿಯ ಕ್ಲಬ್ಬಿನವರು ಕೃಷ್ಣೆಯ ಹಿನ್ನೀರಿನಲ್ಲಿ ಅಭ್ಯಾಸ ಮಾಡು ಎಂದು ಒಂದು ಬೋಟು ಕಡ ಕೊಟ್ಟಿದ್ದರು. ಮಳೆಗಾಲ ಮುಗಿದ ಮೇಲೆ ಅದೇ ಬೋಟಿನಲ್ಲಿ ಅವಳು ದೊಡ್ಡ ಸ್ಪರ್ಧೆಗೆ ಇಳಿಯಬೇಕಿತ್ತು. ಬೋಟು ನೆಟ್ಟಗೆ ಉಳಿದರೆ ಅವಳಿಗೆ ಸ್ಪರ್ಧೆ, ಇಲ್ಲದಿದ್ದರೆ ಇಲ್ಲ. "ನನ್ನ ಮಗಳನ್ನ ಹೆಂಗ ಜ್ವಾಕಿ ಮಾಡ್ತೀನೋ ಹಂಗ ಮಾಡ್ತೀನ್ರಿ" ಎಂದು ಕ್ಲಬ್ಬಿನವರಿಗೆ ಮಾತು ಕೊಟ್ಟವನು ಮಹಾದೇವಪ್ಪ.

ಆ ಬೋಟಿನ ಹೊಟ್ಟೆಯ ಕೆಳಗೆ ಮೀನಿನ ರೆಕ್ಕೆಯಂಥ ಒಂದು ಭಾರದ ಕಬ್ಬಿಣ ಇರುತ್ತದೆ. ಅದಕ್ಕೆ ಕೀಲ್ ಎನ್ನುತ್ತಾರೆ. ಗಾಳಿ ಎಷ್ಟು ಒರಗಿಸಿದರೂ ಬೋಟು ಮಗುಚದಂತೆ ಹಿಡಿಯುವುದು ಅದೇ. ನೀರಿನಲ್ಲಿ ಅದರಿಂದ ಉಪಕಾರ, ದಂಡೆಯಲ್ಲಿ ಉಪದ್ರವ. ನಮ್ಮ ಮೀನುಗಾರರ ದೋಣಿಯನ್ನು ನಾಲ್ಕು ಜನ ನೂಕಿದರೆ ಕೆಸರಿನ ಮೇಲೆ ಜಾರುತ್ತದೆ. ಇದು ಜಾರುವುದಿಲ್ಲ. ಟ್ರೇಲರನ್ನೇ ಎದೆಮಟ್ಟದ ನೀರಿಗೆ ಇಳಿಸಬೇಕು, ಆಗ ಬೋಟು ತಾನೇ ತೇಲಿ ಏಳುತ್ತದೆ. ಹೊರಗೆ ತೆಗೆಯುವಾಗಲೂ ಅಷ್ಟೇ. ಟ್ರೇಲರ್ ಮುಳುಗಿಸಿ, ಬೋಟನ್ನು ಅದರ ಮೇಲೆ ತಂದು, ಕೀಲನ್ನು ಟ್ರೇಲರಿನ ನಡುವಿನ ಕಬ್ಬಿಣದ ಸಂದಿನಲ್ಲಿ ಸರಿಯಾಗಿ ಕೂಡಿಸಿ, ಮೂತಿಗೆ ಪಟ್ಟಿ ಬಿಗಿದು ಮೇಲೆ ಎಳೆಯಬೇಕು.

ಅದಕ್ಕೆ ಗಟ್ಟಿ ನೆಲ ಬೇಕು. ಎರೆಮಣ್ಣಿನ ದಂಡೆಯಲ್ಲಿ ಎಲ್ಲಿಂದ ತರುವುದು? ನಮ್ಮಲ್ಲಿ ಒಂದು ಇತ್ತು. ಹಿನ್ನೀರು ಬಂದಾಗ ಮುಳುಗಿದ ಹಳೆಯ ಡಾಂಬರು ರಸ್ತೆ ಇಂದಿಗೂ ಸೀದಾ ಹೊಳೆಯೊಳಗೆ ಇಳಿದುಹೋಗುತ್ತದೆ. ಅದರ ಮೇಲೆ ನಾನು ಮದುವೆಯ ಗಾಡಿಯಲ್ಲಿ ಬಂದವಳು. ಚಳಿಗಾಲದಲ್ಲಿ ಬೋಟು ನೀರಿಗೆ ಬಿಡುವಾಗ ಎರಡೂ ಕಡೆಯ ಡಾಂಬರಿನ ಅಂಚು ನೋಡುತ್ತ ಹಿಂದಕ್ಕೆ ಇಳಿದೆ. ಬೋಟು ಅಲುಗಿ ಎದ್ದಾಗ ಸುಧಾ ನನ್ನತ್ತ ತಿರುಗಿ, "ಬಿಟ್ಟತ್ರೀ ಆಯಿ!" ಎಂದು ಕೂಗಿದಳು. ಬಾಣಂತಿಯ ಮನೆಯಲ್ಲಿ ಮಗು ಅತ್ತ ಹಾಗಾಯಿತು.

ಮಳೆಗಾಲ ಹಿಡಿದ ಮೇಲೆ ಒಂದು ಮಧ್ಯಾಹ್ನ ಊರಲ್ಲಿ ಮೈಕಿನಲ್ಲಿ ಸಾರಿದರು: ಮೇಲಿನ ಸೀಮೆಯಲ್ಲಿ ಮಳೆ ಜೋರಾಗಿದೆ, ಹೊಳೆ ಏರುತ್ತದೆ, ದಂಡೆಯಲ್ಲಿರುವ ಪಂಪು, ದನ ತೆಗೆಯಿರಿ. ಬೋಟೂ ಆ ಸಂಜೆಯೊಳಗೆ ಮೇಲೆ ಬರಬೇಕಿತ್ತು. ಸುಧಾ ಅದನ್ನು ದಂಡೆಗೆ ತರಲು ಹೊಳೆಗೆ ಇಳಿದಳು. ನಾನು ಟ್ರೇಲರ್ ಕಟ್ಟಿಕೊಂಡು ಹೋಗುವಷ್ಟರಲ್ಲಿ ಮಹಾದೇವಪ್ಪ ಹೊಲದವರನ್ನು ಕರೆದು ದಾರಿಯುದ್ದಕ್ಕೂ ರವದಿ ಹಾಸಿಸಿದ್ದ. ರವದಿ ಅಂದರೆ ಕಬ್ಬಿನ ಒಣ ಎಲೆ. ಟ್ರ್ಯಾಕ್ಟರ್ ಕೆಸರಿನಲ್ಲಿ ಹುಗಿದರೆ ನಮ್ಮ ಸೀಮೆಯಲ್ಲಿ ಯಾರೂ ಯೋಚಿಸುವುದಿಲ್ಲ, ಮೊದಲು ಒಂದು ಹೊರೆ ರವದಿ ತಂದು ಗಾಲಿಗೆ ಕೊಡುತ್ತಾರೆ. ಕೆಸರಿಗೆ ನಮ್ಮ ಮದ್ದು ಅದೊಂದೇ.

"ಗೌರಕ್ಕಾ, ನಿಮಗ ಗಾದಿ ಹಾಸೀವ್ರಿ. ಆರಾಮ ಇಳೀರಿ" ಎಂದ.

"ಈ ವಯಸ್ಸಿನ್ಯಾಗ ಗಾದಿ ಹಾಸಾವ್ರು ನೀವೊಬ್ರ ಸಿಕ್ರಿ ನೋಡ್ರಿ" ಎಂದು ನಕ್ಕು ರಿವರ್ಸ್ ಹಾಕಿದೆ. ಅವನಿಗಾಗಲಿ, ಹಾಸಿ ತಮ್ಮ ಪಂಪು ತೆಗೆಯಲು ಹೋದವರಿಗಾಗಲಿ, ನನಗಾಗಲಿ ಅದರಲ್ಲಿ ತಪ್ಪು ಕಾಣಲಿಲ್ಲ. ಕೆಸರಿಗೆ ಹಾಸುವುದನ್ನು ಡಾಂಬರಿನ ಮೇಲೆ ಹಾಸಿದ್ದರು. ರಸ್ತೆಯ ಅಂಚು ರವದಿಯ ಕೆಳಗೆ ಹೋಗಿತ್ತು.

ಟ್ರೇಲರ್ ನೀರಿನಲ್ಲಿ ಮುಳುಗಿತು. ಸುಧಾ ಎದೆಮಟ್ಟದ ನೀರಿನಲ್ಲಿ ಟ್ರೇಲರಿಗೂ ಬೋಟಿಗೂ ನಡುವೆ ನಿಂತು, ಹಗ್ಗ ಹಿಡಿದು ಮೂತಿಯನ್ನು ತಿರುಗಿಸುತ್ತಿದ್ದಳು. ಹೊಳೆಯ ಸೆಳೆತ ಆಗಲೇ ಜೋರಾಗಿತ್ತು. "ಇನ್ನ ಸೊಲ್ಪ ಹಿಂದ ಬರ್ರಿ ಆಯಿ" ಎಂದಳು. ಸ್ವಲ್ಪ ಹಿಂದೆ ಬಂದೆ. ಎಡಗಡೆಯ ದೊಡ್ಡ ಗಾಲಿ ಡಾಂಬರು ಬಿಟ್ಟು ಎರೆಯೊಳಗೆ ಕುಸಿಯಿತು.

ಮುಂದಿನ ಗೇರ್ ಹಾಕಿ ಒಮ್ಮೆ ಎಕ್ಸಲೇಟರ್ ಕೊಟ್ಟೆ. ಒದ್ದೆ ರವದಿ ಹಾರಿತು, ಗಾಲಿ ನಿಂತಲ್ಲೇ ತಿರುಗಿತು, ಟ್ರ್ಯಾಕ್ಟರ್ ಮುಂದೆ ಬರುವ ಬದಲು ಒಂದು ಗೇಣು ಹಿಂದೆ ಜಾರಿತು. ಬ್ರೇಕಿನ ಮೇಲೆ ನಿಂತೇಬಿಟ್ಟೆ. ಆದರೂ ಅದು ಸಾವಕಾಶ ಜಾರುತ್ತಲೇ ಇತ್ತು. ಹಿಂದೆ ಕಬ್ಬಿಣದ ಟ್ರೇಲರ್, ಅದರ ಹಿಂದೆ ಹುಡುಗಿ, ಅವಳ ಬೆನ್ನಿಗೆ ಬೋಟು. ಇಂಜಿನ್ ಬಂದ್ ಮಾಡಿದೆ. ಒಮ್ಮೆಲೆ ಹೊಳೆಯ ಸದ್ದು ಕೇಳಿಸಿತು.

"ಸುಧಾ, ಹಗ್ಗ ಬಿಡು. ಹೊರಗ ಬಾ."

"ಬಿಟ್ರ ಬೋಟ್ ಹೋಗತೈತ್ರೀ! ಯಾಕ ಬಂದ್ ಮಾಡಿದ್ರಿ? ಒಂದ ಸಲ ಜೋರ ಜಗ್ಗ್ರಿ, ಕೂಡತೈತಿ!"

"ಜಗ್ಗಿದ್ರ ನಿನ್ನ ಮ್ಯಾಲ ಬರ್ತೀನಿ. ಬಾ ಅಂದ್ರ ಬಾ ಬೇ!"

ಹಗ್ಗ ಟ್ರೇಲರಿಗೆ ಕಟ್ಟಿದ್ದರೆ ಬೋಟು ನಮ್ಮೆಲ್ಲರನ್ನೂ ಆಳಕ್ಕೆ ಎಳೆಯುತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ಅದಕ್ಕೇ ಕೈಯಲ್ಲಿ ಹಿಡಿದಿದ್ದಳು. ಅವಳು ನನ್ನನ್ನು ನೋಡಲಿಲ್ಲ, ಅಪ್ಪನನ್ನು ನೋಡಿದಳು. ಮಹಾದೇವಪ್ಪ ಮೊಣಕಾಲುಮಟ್ಟದ ನೀರಿನಲ್ಲಿ ನಿಂತಿದ್ದ. ಈಜು ಬರದ ಮನುಷ್ಯ. ಪೇಟೆಯಲ್ಲಿ ಅವನ ಮಾತೆಂದರೆ ಬರೆದುಕೊಟ್ಟ ಹಾಗೆ. ಟ್ರ್ಯಾಕ್ಟರ್ ಮತ್ತೆ ಜಾರಿತು.

"ಸುಧವ್ವಾ," ಎಂದ ಮಹಾದೇವಪ್ಪ, "ಮಾತು ಕೊಟ್ಟಾಂವ ನಾನು. ಮುರದ್ರ ನಂದು ಮುರೀಲಿ. ನೀ ಬಿಟ್ಟ ಬಾ."

ಅವಳು ಬೆರಳು ಬಿಡಿಸಿದಳು. ಟ್ರೇಲರಿನ ಪಕ್ಕದ ಕಂಬ ಹಿಡಿದು ಆಚೆ ತೂರಿ ಬಂದು ಅಪ್ಪನ ಕೈ ಹಿಡಿಯುವಷ್ಟರಲ್ಲಿ ಹಿಂದೆ ದಡ್ ಎಂದು ಸದ್ದಾಯಿತು. ಅವಳು ನಿಂತಿದ್ದ ಜಾಗದಲ್ಲಿ ಟ್ರೇಲರೂ ಬೋಟೂ ಒಂದಕ್ಕೊಂದು ಬಡಿದಿದ್ದವು. ಆಮೇಲೆ ಬೋಟು ಸಾವಕಾಶ ತಿರುಗಿ ನಡುಹೊಳೆಗೆ ಹೊರಟಿತು. ಮಗುಚಲಿಲ್ಲ. ಹಾಯಿ ಕಟ್ಟುವ ಕಂಬ ನೆಟ್ಟಗೆ ನಿಲ್ಲಿಸಿಕೊಂಡೇ ಹೋಯಿತು. ಅದು ಕಾಣುವಷ್ಟು ದೂರ ಮೂವರೂ ನೋಡಿದೆವು.

ಮಹಾದೇವಪ್ಪ ಅಂಗಿಯ ಕಿಸೆಯಿಂದ ಫೋನ್ ತೆಗೆದ. ಸುಧಾ ಅದನ್ನು ಕಸಿದುಕೊಂಡಳು. "ನಾ ಹೇಳ್ತೀನಿ, ತಡೀಯಪ್ಪಾ." ಕ್ಲಬ್ಬಿನವರು ಎತ್ತಿದಾಗ ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. "ಸರ್, ಬೋಟ್ ಹೋತ್ರಿ," ಎಂದಳು. ಆ ಕಡೆಯಿಂದ, ನೀನು ಕ್ಷೇಮವಾಗಿದ್ದೀಯಾ ಎಂದು ಕೇಳಿದರು. "ಹೌದ್ರಿ, ನಾ ಅದೀನ್ರಿ" ಎಂದಳು. ಅಷ್ಟು ಹೇಳಿ ಅಳಲು ಶುರು ಮಾಡಿದಳು.

ಟ್ರ್ಯಾಕ್ಟರನ್ನು ಇನ್ನೊಂದು ಟ್ರ್ಯಾಕ್ಟರ್ ಕಟ್ಟಿ ಅಂದೇ ಎಳೆಸಿದೆವು, ರವದಿಯನ್ನೆಲ್ಲ ಬಳಿದು ತೆಗೆದ ಮೇಲೆ. ಬೋಟು ನೆರೆ ಇಳಿದ ನಂತರ ಕೆಳಗಿನ ಊರಿನ ಕಬ್ಬಿನಲ್ಲಿ ಮೈ ಸೀಳಿಕೊಂಡು ಸಿಕ್ಕಿತು. ಆ ವರ್ಷದ ಸ್ಪರ್ಧೆ ಸುಧಾಳಿಗೆ ತಪ್ಪಿತು. ಮುಂದಿನ ವರ್ಷ ಬೇರೆ ಬೋಟು ಕೊಟ್ಟರು ಎಂದು ಬರೆಯಲು ನನಗೂ ಆಸೆ, ಆದರೆ ಕೊಡಲಿಲ್ಲ. ಅವಳೀಗ ಹೊಳೆದಂಡೆಯ ಊರುಗಳ ಹೆಣ್ಣುಮಕ್ಕಳಿಗೆ ಈಜು ಕಲಿಸುತ್ತಾಳೆ. ಮಹಾದೇವಪ್ಪನೂ ಸೊಂಟಕ್ಕೆ ಟ್ಯೂಬು ಕಟ್ಟಿಕೊಂಡು ಇಳಿದಿದ್ದಾನಂತೆ.

ಭಾರ ಎಳೆಯುವುದನ್ನು ನಾನು ಬೇಗ ಕಲಿತೆ. ಇಂಜಿನ್ ಬಂದ್ ಮಾಡುವುದೂ ಡ್ರೈವರ್ ಕೆಲಸವೇ ಎಂದು ಗೊತ್ತಾಗಲು ಸೀಟಿನಿಂದ ಇಳಿಯುವ ವಯಸ್ಸಾಯಿತು. ಈಗ ಯಾರಾದರೂ ನನ್ನ ಹತ್ತಿರ ರಿವರ್ಸ್ ಕಲಿಯಲು ಬಂದರೆ, ಮೊದಲು ಗೇರ್ ಮುಟ್ಟಲು ಬಿಡುವುದಿಲ್ಲ. ಕೆಳಗಿಳಿದು ಹಿಂದೆ ಹೋಗಿ, ಅಲ್ಲಿ ನಿಂತವರ ಹೆಸರು ಕೇಳಿಕೊಂಡು ಬಾ ಎನ್ನುತ್ತೇನೆ.