ಸುಣ್ಣದಜ್ಜಿ ಪರೀಕ್ಷಿಸಿದ ಪುಡಿ

ಸುಣ್ಣದಜ್ಜಿಯ ಬೆರಳುಗಳಲ್ಲಿ ಗೆರೆಗಳೇ ಇರಲಿಲ್ಲ. ಸುಣ್ಣದಲ್ಲಿ ಸವೆದು ಸವೆದು ತುದಿಗಳು ನುಣ್ಣಗಾಗಿದ್ದವು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಪ್ರತಿ ತಿಂಗಳೂ ಅವಳನ್ನು ಸತಾಯಿಸುತ್ತಿತ್ತು. "ಅದಕ್ಕ ನನ್ನ ಗುರ್ತು ಸಿಗಂಗಿಲ್ಲಂತ" ಎಂದು ನಗುತ್ತಿದ್ದಳು.

ಕೊಟ್ಟೂರಿನ ನಮ್ಮ ಓಣಿಯ ಕೊನೆಗೆ ಅವಳ ಸುಣ್ಣದ ಗೂಡು. ಕಲ್ಲು ಸುಟ್ಟು, ಬಿಗಿ ಮುಚ್ಚಳದ ಡಬ್ಬಿಗಳಲ್ಲಿ ಇಡುತ್ತಿದ್ದಳು. ಮೋಡ ಕವಿದರೆ ಡಬ್ಬಿ ತೆಗೆಯುತ್ತಿರಲಿಲ್ಲ. "ತಂಡಿ ಗಾಳಿ ಐತಿ, ನಾಳಿ ಬಾರವ್ವ." ಎಂಥ ಹಟಮಾರಿ ಮುದುಕಿ ಎಂದು ಗೊಣಗುತ್ತಾ ವಾಪಸಾಗುತ್ತಿದ್ದೆ.

ಆಗ ನನ್ನದು ಎಂ.ಎಸ್ಸಿ. ಕೊನೆಯ ವರ್ಷ. ಮಿರ್ಚಿ ಕರಿದುಳಿದ ಎಣ್ಣೆಯಿಂದ ಬಯೋಡೀಸೆಲ್ ಮಾಡುವುದು ಪ್ರಾಜೆಕ್ಟ್. ಎಣ್ಣೆಗೆ ಮೆಥನಾಲ್ ಸೇರಿಸಿ ಬಿಸಿ ಮಾಡಿದರೆ ಸಾಲದು, ಕ್ರಿಯೆಗೆ ವೇಗ ಕೊಡುವ ವೇಗವರ್ಧಕವೂ ಬೇಕು. ಮೊಟ್ಟೆ ಚಿಪ್ಪು ಸುಟ್ಟರೂ ಸುಣ್ಣವೇ ಆಗುತ್ತದೆ, ಆ ಪುಡಿಯಾದರೆ ಸೋಸಿ ಮತ್ತೆ ಬಳಸಬಹುದು. ನಾನು ಒಂದೇ ಸಲಕ್ಕೆ ಬೇಕಾದಷ್ಟು ಸುಟ್ಟು ತಟ್ಟೆಯಲ್ಲಿ ಹರವಿಟ್ಟಿದ್ದೆ. ಎಂಟು ಸಲ ಮಾಡಿದೆ, ಎಂಟು ಸಲವೂ ಎಣ್ಣೆ ಎಣ್ಣೆಯಾಗಿಯೇ ಉಳಿಯಿತು. ವರದಿ ಕೊಡಲು ಹತ್ತೇ ದಿನ ಇತ್ತು. ಕೊಡದಿದ್ದರೆ ಒಂದು ವರ್ಷ ಹಾಳು.

ಅವ್ವ ಸುಣ್ಣ ತರಲು ಕಳಿಸಿದ ದಿನ ಆ ಪುಡಿಯ ಪೊಟ್ಟಣ ನನ್ನ ಚೀಲದಲ್ಲಿತ್ತು. "ಇದೂ ಸುಣ್ಣನ ಅಜ್ಜಿ, ಕಾಲೇಜಿನ್ಯಾಗ ಮಾಡಿದ್ದು" ಎಂದು ಜಂಬದಿಂದಲೇ ತೋರಿಸಿದೆ. ಅವಳು ಒಂದು ಚಿಟಿಕೆ ತೆಗೆದು ಬಟ್ಟಲ ನೀರಿಗೆ ಹಾಕಿ ಕಿವಿಗೊಟ್ಟಳು. ಸದ್ದೇ ಇಲ್ಲ. ತನ್ನ ಡಬ್ಬಿಯ ಚೂರೊಂದನ್ನು ಹಾಕಿದಳು, ನೀರು ಬುಸುಗುಟ್ಟಿ ಕುದಿಯಿತು.

"ನಿಂದು ಸತ್ತೈತಿ. ಗಾಳಿಗೆ ಬಿಟ್ಟಿದ್ದೇನು?"

"ಹೂನಜ್ಜಿ, ಮೂರು ವಾರ ಆತು."

"ಮತ್ತ ಹೆಂಗ ಉಳಿತೈತಿ ಹುಚ್ಚಿ? ಸುಟ್ಟದ್ದು ಆರೋದ್ರೊಳಗ ಮುಚ್ಚಿಡಬೇಕು."

ಹೊಸದಾಗಿ ಸುಟ್ಟು, ಬಿಸಿಯಿರುವಾಗಲೇ ಮುಚ್ಚಿಟ್ಟು ಬಳಸಿದೆ. ಮರುದಿನ ಬಾಟಲಿಯ ತಳದಲ್ಲಿ ಗ್ಲಿಸರಿನ್ ಇಳಿದಿತ್ತು, ಮೇಲೆ ತಿಳಿಯಾದ ಬಯೋಡೀಸೆಲ್ ನಿಂತಿತ್ತು. ನಾನು ಲ್ಯಾಬಿನಲ್ಲೇ ಅತ್ತುಬಿಟ್ಟೆ.

ವರದಿಯ ಕೃತಜ್ಞತೆಯ ಪುಟದಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಎಣ್ಣೆ ಕೊಟ್ಟ ಮಿರ್ಚಿ ಅಂಗಡಿಯವರವರೆಗೆ ಎಲ್ಲರನ್ನೂ ನೆನೆದೆ. ಅಜ್ಜಿಯನ್ನು ಬಿಟ್ಟೆ. ಸುಣ್ಣ ಮಾರುವವಳಿಂದ ಕಲಿತೆ ಎಂದು ಬರೆಯಲು ನಾಚಿಕೆಯಾಗಿತ್ತು. ಈಗ ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕಳೆದ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡಳು. ಹಡಗಲಿಯ ಕಾಲೇಜಿನಲ್ಲಿ ಪಾಠ ಮಾಡುವ ನಾನು, ಪ್ರಯೋಗಕ್ಕೆ ಮೊದಲು ಒಂದು ಚಿಟಿಕೆ ಪುಡಿಯನ್ನು ನೀರಿಗೆ ಹಾಕಿಸಿ, ಎಲ್ಲರನ್ನೂ ಸುಮ್ಮನಿರಿಸಿ ಕೇಳಿಸುತ್ತೇನೆ. ಇದು ಯಾವ ಪುಸ್ತಕದಾಗೈತಿ ಮೇಡಂ ಎಂದು ಹುಡುಗಿಯರು ಕೇಳುತ್ತಾರೆ. ನಮ್ಮ ಓಣಿಯ ಸುಣ್ಣದಜ್ಜಿ ಕಲಿಸಿದ್ದು, ಹಾಗೆಂದೇ ಬರೆದುಕೊಳ್ಳಿ ಎನ್ನುತ್ತೇನೆ.