ಬಿಸಿ ತಾಗದ ಕೈ

ಮೊನ್ನೆ ಮೂರನೇ ಪೀರಿಯಡ್ಡಿನಲ್ಲಿ ನರಗಳ ಪಾಠ ಶುರುಮಾಡುವಷ್ಟರಲ್ಲಿ ಮುಂದಿನ ಬೆಂಚಿನಿಂದ ಸುಟ್ಟಗಾಯದ ಮುಲಾಮಿನ ವಾಸನೆ ಬಂತು. ಒಬ್ಬ ಹುಡುಗಿ ಬೆರಳಿಗೆ ಮೆತ್ತಿಕೊಂಡು ಕೂತಿದ್ದಳು. ನಿಮಗೂ ಆ ವಾಸನೆ ಗೊತ್ತಿರಬಹುದು. ನನಗೆ ಅದು ಬಂದರೆ ಅಮ್ಮನ ನೆನಪಾಗುತ್ತದೆ, ಪಾಠ ಮಾತ್ರ ನಿಲ್ಲುವುದಿಲ್ಲ.

ಬೆರಳಿಗೆ ಬಿಸಿ ತಾಗಿದರೆ ನರ ಆ ಸುದ್ದಿಯನ್ನು ಬೆನ್ನುಹುರಿಗೆ ಮುಟ್ಟಿಸುತ್ತದೆ, ಮಿದುಳಿಗೆ ತಿಳಿಯುವ ಮೊದಲೇ ಅಲ್ಲಿಂದ ‘ಕೈ ಎಳ್ಕೋ’ ಅಂತ ಅಪ್ಪಣೆ ಬರುತ್ತದೆ, ನೋವು ಶತ್ರುವಲ್ಲ ಮಕ್ಕಳೇ, ಕಾವಲುಗಾರ. ಇಪ್ಪತ್ತು ವರ್ಷದಿಂದ ಈ ತಮಿಳು ಊರಿನ ಶಾಲೆಯಲ್ಲಿ ಇದನ್ನೇ ಅರ್ಧ ತಮಿಳು, ಅರ್ಧ ಇಂಗ್ಲಿಷಿನಲ್ಲಿ ಹೇಳುತ್ತಿದ್ದೇನೆ. ಕನ್ನಡ ಮನೆಗೆ, ಪಾಠ ಶಾಲೆಗೆ ಎಂದು ಹಂಚಿಬಿಟ್ಟಿದ್ದೆನೋ ಏನೋ.

ಇಲ್ಲೇ ರಾಯಪುರಂ ಮನೆಯಲ್ಲಿ ನನ್ನ ಅಮ್ಮ ಕುದಿಯುವ ಸಾರಿನ ಪಾತ್ರೆಯನ್ನು ಇಕ್ಕಳವಿಲ್ಲದೆ, ಮಸಿಬಟ್ಟೆಯಿಲ್ಲದೆ ಬರಿಗೈಯಲ್ಲಿ ಇಳಿಸುತ್ತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ನಾನೋ, ನೆಂಟರನ್ನು ಅಡುಗೆಮನೆಗೇ ಕರೆದು ತೋರಿಸುತ್ತಿದ್ದೆ. “ನಮ್ಮಮ್ಮನ ಕೈ ನೋಡಿ. ನಮ್ಮ ಹಾಗೆ ನಾಜೂಕಲ್ಲ.” ಅವರು ಹೌಹಾರುವುದು, ಅಮ್ಮ ನಗುವುದು, ನಾನು ಬೀಗುವುದು. ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರೆ. ಆ ದೀಪವಾದರೂ ಬಿ.ಎಡ್. ಮಾಡಿರುವುದಿಲ್ಲ.

ಒಂದು ಮೇ ತಿಂಗಳ ಮಧ್ಯಾಹ್ನ ಅಮ್ಮ ಸಂಡಿಗೆ ಒಣಹಾಕಲು ಬರಿಗಾಲಲ್ಲಿ ತಾರಸಿಗೆ ಹೋಗಿ ಬಂದಳು. ನೆಲದ ಮೇಲೆ ಒದ್ದೆ ಹೆಜ್ಜೆ ಕಂಡು, ನೀರು ಚೆಲ್ಲಿದೆಯಾ ಎಂದು ಗದರಿದೆ. ಅಂಗಾಲಿನ ಬೊಬ್ಬೆ ಒಡೆದಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ. ಗಾಯ ಮಾಯಲಿಲ್ಲ, ಕಾಲಿನ ಎರಡು ಬೆರಳು ತೆಗೆದರು.

ಸ್ಪರ್ಶ ಹೋಗಿ ಎಷ್ಟು ದಿನವಾಯಿತು ಎಂದು ಡಾಕ್ಟರು ಕೇಳಿದಾಗ ಅಮ್ಮ “ಎರಡು ವರ್ಷ” ಎಂದಳು. ನನಗೆ ಸಿಟ್ಟು ಬಂತು.

“ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?”

“ನೀನು ಎಲ್ಲರ ಹತ್ರ ಹೇಳ್ಕೊಂಡು ಅಷ್ಟು ಸಂತೋಷಪಡ್ತಿದ್ದೆ. ಕೆಡಿಸೋದ್ಯಾಕೆ ಅಂತ ಸುಮ್ಮನಿದ್ದೆ ಕಣೇ.”

ಈಗ ಅಮ್ಮ ಇಲ್ಲ. ಆ ಮಾತು ಇದೆ.

ಮೊನ್ನೆ ಪಾಠ ಮುಗಿಯುತ್ತಲೂ ಆ ಹುಡುಗಿ ಎದ್ದು ನಿಂತು, ನಮ್ಮ ಪಾಟಿ, ಅಂದರೆ ಅಜ್ಜಿ, ಕಾದ ಕಾವಲಿಯನ್ನು ಬರಿಗೈಯಲ್ಲೇ ಎತ್ತುತ್ತಾಳೆ, ಅವಳಿಗೆ ನೋಯುವುದೇ ಇಲ್ಲ ಎಂದಳು. ತಾನೂ ಹಾಗೆ ಮಾಡಲು ಹೋಗಿ ಬೆರಳು ಸುಟ್ಟುಕೊಂಡಿದ್ದಳಂತೆ. ಕ್ಲಾಸು ಚಪ್ಪಾಳೆ ತಟ್ಟಿತು. ಅಜ್ಜಿಯನ್ನು ಕೂಡಲೇ ಡಾಕ್ಟರಿಗೆ ತೋರಿಸಿ ಎಂದು ಡೈರಿಯಲ್ಲಿ ಬರೆದು ಕಳಿಸಿದೆ. ಮರುದಿನ ಹುಡುಗಿಯ ತಾಯಿ ಶಾಲೆಯ ಗೇಟಿಗೇ ಬಂದಳು. “ಅವಂಗಳುಕ್ಕು ಒಣ್ಣುಮಿಲ್ಲೆ ಮಿಸ್.” ಅವರಿಗೇನೂ ಆಗಿಲ್ಲ, ಮಗುವನ್ನು ಸುಮ್ಮನೆ ಹೆದರಿಸಬೇಡಿ ಎಂದು ಮುಖ ಗಂಟಿಕ್ಕಿಕೊಂಡು ಹೊರಟುಹೋದಳು.

ಸಾಯಂಕಾಲ ರಿಜಿಸ್ಟರಿನಲ್ಲಿ ವಿಳಾಸ ಹುಡುಕಿ ಬಸ್ಸು ಹತ್ತಿದೆ. ಬೈದರೆ ಬೈಯಲಿ. ಕೈಗೆ ಬಿಸಿ ಗೊತ್ತಾಗುತ್ತದಾ ಎಂದು ಆ ಪಾಟಿಯನ್ನೇ ಕೇಳಬೇಕು. ನಾನು ನಮ್ಮಮ್ಮನನ್ನು ಒಮ್ಮೆಯೂ ಕೇಳಿರಲಿಲ್ಲ.